ಇಲಿಗಳಿಂದ ಬರುವ ಜ್ವರಗಳೂ ಟಿ-ಕಣಗಳ ಲಸಿಕೆಯೂ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಲ್ಲಿ ಹಲವರು ದಾದಿಯರಾಗಿ ರೋಗಿಗಳ ಸೇವೆಗೆ ಹೋಗಿರುವುದರಿಂದ, ಈ ವಿಷಯವನ್ನು ದಾದಿಯರ ಸಂಗತಿಯಿಂದಲೇ ಆರಂಭಿಸುವುದು ಯುಕ್ತವೆಂದು ನಮಗೆ ತೋರುತ್ತದೆ. 1969ನೆಯ ಇಸವಿಯ ಜನವರಿಯಲ್ಲಿ ನೈಜೀರಿಯಾ ದೇಶದ ಲಾಸಾ ಎಂಬ ಊರಿನ ಮಿಷನ್ ಆಸ್ಪತ್ರೆಯ ದಾದಿಯವರಾದ ಲಾರಾ ವೈನ್ ಎಂಬವರು ಹೆಸರರಿಯದ ಜ್ವರದಿಂದ ಮಲಗಿದರು. ಅವರನ್ನು ಜೋಸ್ ಪಟ್ಟಣಕ್ಕೆ ಒಯ್ದರೂ ಅಲ್ಲಿ ತೀರಿಕೊಂಡರು. ಅವರ ಶುಶ್ರೂಷೆ ಮಾಡಿದ ಶಾರ್ಲಟ್ ಶಾ ಎಂಬವರೂ ಅದೇ ಜ್ವರಕ್ಕೆ ತುತ್ತಾದರು. ಮೂರನೆಯವರಾದ ಲಿಲಿ ಪಿನ್ನಿಯೋ ಎಂಬವರು ಮಾತ್ರ ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದು ಉಳಿದರು. ರೋಗಕ್ಕೆ ಊರಿನ ಹೆಸರೇ ನಿಂತಿತು. ಮನೆಯ ಧಾನ್ಯವನ್ನೂ ಆಹಾರವನ್ನೂ ಮುಟ್ಟುವ ಒಂದು ಜಾತಿಯ ಇಲಿಯ ಮೂತ್ರಾದಿಗಳಿಂದ ಲಾಸಾ ವೈರಸ್ಸು ಮನುಷ್ಯರಿಗೆ ತಗಲುತ್ತದೆಂದು ಅನಂತರ ತಿಳಿದುಬಂತು. ತುಂಬು ಗರ್ಭಿಣಿಯರಿಗಂತೂ ಇದು ಬಹು ಘೋರವಾದದ್ದು.

ಸಾಮಾನ್ಯವಾಗಿ ಲಸಿಕೆಯು ರಕ್ತದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಇವು ವೈರಸ್ಸಿನ ಹೊರಗವಚವನ್ನು ಹಿಡಿದು, ಅದು ಜೀವಕೋಶದೊಳಗೆ ಹೊಗದಂತೆ ತಡೆಯುತ್ತವೆ. ಅರ್ಜೆಂಟೀನಾ ದೇಶದಲ್ಲಿ ಹೊಲದ ಇಲಿಗಳಿಂದ ಬರುವ ಹುನಿನ್ ಜ್ವರಕ್ಕೆ ಈ ಉಪಾಯವು ಚೆನ್ನಾಗಿ ಫಲಿಸಿತು. ಅಲ್ಲಿ ಕ್ಯಾಂಡಿಡ್-1 ಎಂಬ ಲಸಿಕೆಯೂ ಉಂಟು. ಆದರೆ ಲಾಸಾ ವೈರಸ್ಸು ತನ್ನ ಕವಚವನ್ನು ಸಕ್ಕರೆಯ ಕಣಗಳಿಂದ ಮುಚ್ಚಿಕೊಂಡಿರುತ್ತದೆ; ಪ್ರದೇಶದಿಂದ ಪ್ರದೇಶಕ್ಕೆ ರೂಪವೂ ಬೇರೆ. ಅದನ್ನು ತಡೆಯಬಲ್ಲ ಪ್ರತಿಕಾಯಗಳು ರೋಗಿಯು ಚೇತರಿಸಿಕೊಂಡು ತಿಂಗಳುಗಳಾದ ಮೇಲೆ ಹುಟ್ಟುತ್ತವೆ. ಹಾಗಾದರೆ ಗುಣಪಡಿಸಿದವರು ಯಾರು?

ಟಿ-ಕಣಗಳೆಂಬ ಬಿಳಿಯ ರಕ್ತಕಣಗಳೆಂದು ಶಾಸ್ತ್ರಜ್ಞರು ಎಣಿಸುತ್ತಾರೆ. ನಮ್ಮ ದೇಹದ ಬಹುತೇಕ ಪ್ರತಿಯೊಂದು ಕೋಶವೂ ತನ್ನೊಳಗೆ ಸಿದ್ಧವಾಗುತ್ತಿರುವ ವಸ್ತುಗಳ ತುಣುಕುಗಳನ್ನು, ಒಲೆಯ ಮೇಲಿನ ಅಡಿಗೆಯನ್ನು ತಟ್ಟೆಯಲ್ಲಿಟ್ಟು ಬಾಗಿಲಿಗೆ ತಂದು ತೋರಿಸುವ ಹಾಗೆ, ಹೊರಮೈಯಲ್ಲಿ ಒಡ್ಡುತ್ತದೆ. ಟಿ-ಕಣವು ತಟ್ಟೆಯನ್ನೂ ತುಣುಕನ್ನೂ ಒಟ್ಟಾಗಿ ಪರೀಕ್ಷಿಸಿ, ಪರಕೀಯವಾದದ್ದು ಕಂಡರೆ ಆ ಕೋಶವನ್ನೇ ನಾಶಮಾಡುತ್ತದೆ. 1973-74ರಲ್ಲಿ ಕ್ಯಾನ್‌ಬೆರಾದಲ್ಲಿ ಡೊಹರ್ಟಿ ಮತ್ತು ಜಿಂಕರ್‌ನಾಗೆಲ್ ಎಂಬವರು ಇದನ್ನು ಕಂಡುಹಿಡಿದು, 1996ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅವರು ಪ್ರಯೋಗಕ್ಕೆ ಬಳಸಿದ್ದು ಲಾಸಾದ ದಾಯಾದಿಯಾದ, ಸುಂಡಿಲಿಗಳಲ್ಲಿಯೇ ವಾಸಿಸುವ ಒಂದು ವೈರಸ್ಸನ್ನು ಎಂಬುದು ನಮಗೆ ಬಹು ಸ್ವಾರಸ್ಯವಾಗಿ ಕಂಡಿತು.

ವೈರಸ್ಸಿನ ಕವಚವು ಬದಲಾದರೂ ಒಳಭಾಗದ ಕೆಲವು ತುಣುಕುಗಳು ಅಷ್ಟಾಗಿ ಬದಲಾಗುವುದಿಲ್ಲ. ಬದಲಾದರೆ ವೈರಸ್ಸಿನ ಬಾಳೇ ಕೆಡುತ್ತದೆ. ಆದಕಾರಣ ಅಂಥ ತುಣುಕುಗಳನ್ನೇ ಟಿ-ಕಣಗಳಿಗೆ ಗುರುತು ಹಿಡಿಸಿದರೆ, ಒಂದೇ ಲಸಿಕೆಯು ಲಾಸಾದ ಎಲ್ಲಾ ಕವಲುಗಳಿಗೂ, ಒಂದು ವೇಳೆ ಅದರ ದಾಯಾದಿಗಳಿಗೂ ಸಾಕಾಗಬಹುದೆಂಬುದು ಆಸೆ. ಲಾಸಾ ಲಸಿಕೆ ಹಾಕಿದ ಕೋತಿಗಳಲ್ಲಿ ಕೆಲವು ಇಂಥ ಪ್ರತಿಕಾಯಗಳಿಲ್ಲದೆಯೇ ಬದುಕಿದ್ದುಂಟು.

ತೊಡಕುಗಳು ಸಣ್ಣವಲ್ಲ. ಟಿ-ಕಣಗಳು ಬಾಗಿಲು ಮುಚ್ಚಲಾರವು. ಕಳ್ಳನು ಒಳಹೊಕ್ಕ ಮೇಲೆಯೇ ಅವುಗಳ ಕೆಲಸ. ಮೇಲೆ ಹೇಳಿದ ತಟ್ಟೆಯ ಆಕಾರವು ಮನುಷ್ಯನಿಂದ ಮನುಷ್ಯನಿಗೆ ಬೇರೆಯಾಗಿರುವುದರಿಂದ ಒಬ್ಬರಿಗೆ ಹೊಂದುವ ತುಣುಕು ಇನ್ನೊಬ್ಬರಿಗೆ ಹೊಂದದು; ಹಲವನ್ನು ಆರಿಸಿ ಕೂಡಿಸಬೇಕು. ಕ್ಯಾನ್‌ಬೆರಾದಲ್ಲಿ ಬಳಸಿದ ಆ ವೈರಸ್ಸನ್ನು ಸುಂಡಿಲಿಯ ಮಿದುಳಿಗೆ ಚುಚ್ಚಿದರೆ ಅದನ್ನು ಕೊಲ್ಲುವುದು ವೈರಸ್ಸಲ್ಲ, ಟಿ-ಕಣಗಳ ಅತಿರೋಷವೇ. ಈ ಕಾರಣದಿಂದ ಆತುರ ಸಲ್ಲದೆಂದು ನಮ್ಮ ಅಭಿಪ್ರಾಯ. ಲಾಸಾಕ್ಕೆ 2024ರ ವರೆಗೆ ಯಾವ ಲಸಿಕೆಗೂ ಅನುಮತಿ ದೊರೆತಿರಲಿಲ್ಲ. ಪಶ್ಚಿಮ ಆಫ್ರಿಕದಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗಳು ಆರಂಭವಾಗಿದ್ದವು. ಅಲ್ಲಿಯ ತಾಯಂದಿರಿಗೆ ವೈದ್ಯರು ಹೇಳಿಕೊಡುವುದು, ಧಾನ್ಯವನ್ನು ಇಲಿ ಹೊಗದ ಮುಚ್ಚಳದ ಪಾತ್ರೆಯಲ್ಲಿಡಿರಿ ಎಂಬುದನ್ನೇ.