ರಾಯಲ್ಪಾಡಿನ ಬಸ್ಸಲ್ಲಿ ಜಪಾನೀಸ್: ಕನ್ನಡ ಕೈಹಿಡೀತು, ಕಿವಿ ಕೈಕೊಡ್ತು

ಇವತ್ತಿನ ಎಪಿಸೋಡನ್ನ ಒಂದು ಫೇಲಾದ ಕತೆಯಿಂದ ಶುರು ಮಾಡ್ತೀನಿ. ಫೇಲಾಗಿದ್ದು ನಾನೇ.

ಜನವರಿ ಕೊನೇ ವಾರ. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು ಫೋನಲ್ಲಿ ಜೆಎಲ್‌ಪಿಟಿ ರಿಸಲ್ಟ್ ತೆಗೆದೆ. ಜೆಎಲ್‌ಪಿಟಿ ಅಂದ್ರೆ ಜಪಾನೀಸ್ ಭಾಷೆ ಎಷ್ಟು ಬರುತ್ತೆ ಅಂತ ಅಳೆಯೋ ಪರೀಕ್ಷೆ. 1984ರಿಂದ ನಡೀತಿದೆ, ಬೆಂಗಳೂರಲ್ಲೂ ಬರೀಬಹುದು. ಐದು ಹಂತ ಇದೆ: ಎಲ್ಲಕ್ಕಿಂತ ಸುಲಭದ್ದು ಎನ್5, ಎಲ್ಲಕ್ಕಿಂತ ಕಷ್ಟದ್ದು ಎನ್1. ನಾನು ಬರೆದಿದ್ದು ಎನ್5. 180ಕ್ಕೆ 97 ಬಂದಿತ್ತು. ಪಾಸಾಗೋಕೆ 80 ಸಾಕು. ಆದ್ರೂ ಫೇಲ್ ಅಂತಿತ್ತು.

ಮನೆಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಎಷ್ಟಕ್ಕೆ ಎಷ್ಟು?" ಹೇಳಿದೆ. "ಪಾಸಿಗೆ ಎಷ್ಟು ಬೇಕಿತ್ತು?" ಅದನ್ನೂ ಹೇಳಿದೆ. "ಹಂಗಾದ್ರೆ ಪಾಸೇ ಅಲ್ವೇನಪ್ಪ?" ಅಂದ್ರು. ಅಲ್ಲ ಅಂತ ವಿವರಿಸೋಕೆ ಹತ್ತು ನಿಮಿಷ ಬೇಕಾಯ್ತು. ಅವರು ನಂಬಿದ್ರೋ ಇಲ್ವೋ ಇವತ್ತಿಗೂ ಗೊತ್ತಿಲ್ಲ.

ವಿಷಯ ಏನಂದ್ರೆ, ಎನ್5ರಲ್ಲಿ ಅಂಕಗಳು ಎರಡು ಭಾಗ. ಪದ, ವ್ಯಾಕರಣ, ಓದು ಎಲ್ಲ ಸೇರಿ 120. ಕೇಳಿ ಅರ್ಥ ಮಾಡ್ಕೊಳ್ಳೋದಕ್ಕೆ 60. ಒಟ್ಟು 80 ಬಂದ್ರೆ ಸಾಲದು, ಮೊದಲ ಭಾಗದಲ್ಲಿ ಕನಿಷ್ಠ 38, ಎರಡನೇ ಭಾಗದಲ್ಲಿ ಕನಿಷ್ಠ 19 ಬರ್ಲೇಬೇಕು. ನನಗೆ ಮೊದಲನೇದ್ರಲ್ಲಿ 81, ಎರಡನೇದ್ರಲ್ಲಿ 16. ಮೂರು ಅಂಕ.

ಆ ಮೂರು ಅಂಕ ಯಾಕೆ ಹೋಯ್ತು ಅನ್ನೋದೇ ಇವತ್ತಿನ ಎಪಿಸೋಡ್. ಕಾಲೇಜು, ಬಸ್ಸು, ಮನೆಕೆಲಸ ಎಲ್ಲದರ ನಡುವೆ ದಿನಕ್ಕೆ ಒಂದು ಗಂಟೆ ಸಿಗೋದೇ ಕಷ್ಟ. ಆ ಒಂದು ಗಂಟೆಯನ್ನ ನಾನು ತಪ್ಪು ಜಾಗದಲ್ಲಿ ಸುರಿದಿದ್ದೆ.

ಸ್ವಲ್ಪ ಹಿಂದಿಂದ ಹೇಳ್ತೀನಿ. ನಮ್ಮೂರು ರಾಯಲ್ಪಾಡು, ಶ್ರೀನಿವಾಸಪುರ ತಾಲ್ಲೂಕು. ಆಂಧ್ರ ಗಡಿ ಪಕ್ಕದಲ್ಲೇ, ಮದನಪಲ್ಲಿ ನಮಗೆ ಹತ್ತಿರ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್. ಎರಡು ಭಾಷೆ ನಮಗ್ಯಾರೂ ಕ್ಲಾಸ್ ಮಾಡಿ ಹೇಳಿಕೊಟ್ಟಿದ್ದಲ್ಲ, ಬೀದೀಲಿ ಬಂದಿದ್ದು. ಹಾಗಾಗಿ ಮೂರನೇದೋ ನಾಲ್ಕನೇದೋ ಬರಲ್ಲ ಅನ್ನೋ ಭಯ ನನಗಿರಲಿಲ್ಲ. ಜಪಾನ್ ಕೂಡ ನಮ್ಮ ಜಿಲ್ಲೆಗೆ ಹೊಸದಲ್ಲ. ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಫ್ಯಾಕ್ಟರಿ 2013ರಿಂದ ಇದೆ. ಆದ್ರೆ ಕ್ಲಾಸಿಗೆ ಅಂತ ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿ ಬರೋ ಮಾತು ಬಿಡಿ. ಇರೋದು ಫೋನು, ಅದರಲ್ಲಿರೋ ಡೇಟಾ, ಮತ್ತೆ ಬಸ್ಸಲ್ಲಿ ಕೂರೋ ಹೊತ್ತು.

ಶುರು ಮಾಡಿದ ಎರಡನೇ ವಾರದಲ್ಲೇ ಒಂದು ಆಶ್ಚರ್ಯ ಕಾದಿತ್ತು. ಇಂಗ್ಲಿಷ್‌ನಲ್ಲಿರೋ ಪುಸ್ತಕ, ವಿಡಿಯೋ ಎಲ್ಲದರಲ್ಲೂ "ಜಪಾನೀಸ್ ವ್ಯಾಕರಣ ಉಲ್ಟಾ" ಅಂತಾರೆ. ಕ್ರಿಯಾಪದ ಕೊನೇಲಿ ಬರುತ್ತಂತೆ, ವಿಭಕ್ತಿ ನಾಮಪದದ ಹಿಂದೆ ಅಂಟ್ಕೊಳ್ಳುತ್ತಂತೆ. ನಮಗೆ ಅದರಲ್ಲೇನು ಉಲ್ಟಾ? ನಾವು ಮಾತಾಡೋದೇ ಹಾಗೆ. "ಬರ್ತೀನಿ ಅಂತ ಹೇಳಿದ" ಅನ್ನೋದಕ್ಕೆ ಜಪಾನೀಸಲ್ಲಿ "ಕುರು ತೊ ಇತ್ತ". "ತೊ" ಅಂದ್ರೆ ನಮ್ಮ "ಅಂತ". "ನಾನು ನಿನ್ನೆ ತಿಂದ ಮಾವಿನಹಣ್ಣು" ಅನ್ನೋದು "ವತಶಿ ಗ ಕಿನೋ ತಬೆತ ಮಂಗೋ". ಒಂದೊಂದು ಪದಾನೂ ಅದೇ ಸಾಲಲ್ಲಿ. ಇಂಗ್ಲಿಷ್ ಮೂಲಕ ಹೋದ್ರೆ ಈ ವಾಕ್ಯಾನ ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ಮಾಡ್ಬೇಕು.

ಇದಕ್ಕಿಂತ ಮಜಾ ಇರೋದು "ತೆ" ರೂಪದಲ್ಲಿ. ಇದು ನಮ್ಮ "ತಿಂದು, ಹೋಗಿ, ಮಾಡಿ" ಥರ. "ತಬೆತೆ" ಅಂದ್ರೆ "ತಿಂದು". ಅದರ ಹಿಂದೆ ಇನ್ನೊಂದು ಕ್ರಿಯಾಪದ ಸೇರಿಸಿ. "ಮಿರು" ಅಂದ್ರೆ ನೋಡು. "ತಬೆತೆ ಮಿರು" ಅಂದ್ರೆ ತಿಂದು ನೋಡು! ನಾವು ಹೇಳೋ ಅರ್ಥದಲ್ಲೇ, ರುಚಿ ನೋಡು ಅಂತ. "ಒಕು" ಅಂದ್ರೆ ಇಡು. "ಕತ್ತೆ ಒಕು" ಅಂದ್ರೆ ಕೊಂಡು ಇಡು. ಹೌದು, ಅವರ "ಕತ್ತೆ" ನಮ್ಮ ಕತ್ತೆ ಅಲ್ಲ, "ಕೊಂಡು" ಅಂತ. ಒಂದ್ಸಲ ನಕ್ಕರೆ ಜನ್ಮದಲ್ಲಿ ಮರೆಯಲ್ಲ. "ತಬೆತೆ ಶಿಮತ್ತ" ಅಂದ್ರೆ ತಿಂದುಬಿಟ್ಟೆ, ಅದೇ "ಅಯ್ಯೋ" ಅನ್ನೋ ದನಿ ಸಮೇತ. ಇನ್ನು "ತಬೆತೆ ಇರು" ಅಂದ್ರೆ ತಿಂತಾ ಇರು, ತಿಂತಾ ಇದ್ದೀನಿ. ಅಲ್ಲಿ "ಇರು", ಇಲ್ಲೂ "ಇರು".

ಇದನ್ನ ಕೇಳಿದ ತಕ್ಷಣ "ಜಪಾನೀಸ್ ನಮ್ಮಿಂದಲೇ ಹುಟ್ಟಿದ್ದು" ಅಂತ ಸ್ಟೇಟಸ್ ಹಾಕ್ಬೇಡಿ. ಸುಸುಮು ಓನೊ ಅನ್ನೋ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನೀಸಿಗೂ ನಂಟಿದೆ ಅಂತ ವಾದ ಮಾಡಿದ್ರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನ ಒಪ್ಪಿಲ್ಲ. ಕ್ರಿಯಾಪದ ಕೊನೇಲಿ ಬರೋ ಭಾಷೆಗಳು ಹೀಗೆ ಒಂದಕ್ಕೊಂದು ಹೋಲೋದು ಸಾಮಾನ್ಯ. ಆ "ಇರು" ಬರೀ ಕಾಕತಾಳೀಯ.

ನಿಜವಾದ ನಂಟು ಬೇರೆ ಕಡೆ ಇದೆ. ಜಪಾನೀ ಅಕ್ಷರಗಳ ಸಾಲು ಹೇಗಿದೆ ಗೊತ್ತಾ? ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬೌದ್ಧ ಗ್ರಂಥಗಳ ಜೊತೆ ಸಂಸ್ಕೃತದ ಸಿದ್ಧಂ ಲಿಪಿ ಅಲ್ಲಿಗೆ ಹೋಯ್ತು, ಅದನ್ನ ಓದಿದವರು ತಮ್ಮ ಅಕ್ಷರಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿದ್ರು. "ಚ" ಜಾಗದಲ್ಲಿ "ಸ" ಇದೆ, "ಪ" ಜಾಗದಲ್ಲಿ "ಹ" ಇದೆ. ಹಳೇ ಜಪಾನೀಸಲ್ಲಿ ಈ "ಹ" ಉಚ್ಚಾರ "ಪ" ಆಗಿತ್ತು ಅಂತಾರೆ ವಿದ್ವಾಂಸರು. ನಮ್ಮ "ಪಾಲು" ಹೋಗಿ "ಹಾಲು" ಆಯ್ತಲ್ಲ, ಹಾಗೆ. ಹಿರಗಾನ ಅನ್ನೋ ಆ 46 ಅಕ್ಷರ ನನಗೆ ಹತ್ತು ದಿನದಲ್ಲಿ ಬಂತು. ಬೇರೆ ಭಾಷೆಯಿಂದ ಬಂದ ಪದಗಳನ್ನ ಬರೆಯೋ ಕತಕಾನ, ಅದೂ 46, ಇನ್ನೆರಡು ವಾರ. ಅಲ್ಲೂ ನಮ್ಮದೇ ಚಾಳಿ: ಬಸ್ಸು ಅವರ ಬಾಯಲ್ಲಿ "ಬಸು", ಗ್ಲಾಸು "ಗುರಸು".

ಇಷ್ಟೆಲ್ಲಾ ಸುಲಭವಾಗಿ ಬಂದಿದ್ದೇ ನನಗೆ ಮುಳುವಾಯ್ತು.

ವ್ಯಾಕರಣ ಪಟಪಟ ಅಂತ ಅರ್ಥ ಆಗ್ತಿತ್ತು, ಖುಷಿ ಆಗ್ತಿತ್ತು, ಇನ್ನೂ ವ್ಯಾಕರಣವನ್ನೇ ಓದ್ತಿದ್ದೆ. ನೋಟ್ಸೆಲ್ಲ ಕನ್ನಡ ಲಿಪಿಯಲ್ಲಿ. ಕನ್ನಡ ಲಿಪಿಗೆ ಒಂದು ಗುಣ ಇದೆ, ಹ್ರಸ್ವ ಎ-ಒ, ದೀರ್ಘ ಏ-ಓ, ಒತ್ತಕ್ಷರ ಎಲ್ಲ ಇರೋದ್ರಿಂದ ಜಪಾನೀಸನ್ನ ಇಂಗ್ಲಿಷ್‌ಗಿಂತ ಚೆನ್ನಾಗಿ ಬರೀಬಹುದು. ತೊಂದ್ರೆ ಏನಂದ್ರೆ, ಬರೆದಿದ್ದನ್ನ ನಾನು ಕನ್ನಡದ ದನಿಯಲ್ಲೇ ಓದ್ಕೊತಿದ್ದೆ. ಪುಸ್ತಕದಲ್ಲಿ "ದೆಸು" ಅಂತಿದ್ರೆ ಅವರು ಅನ್ನೋದು "ದೆಸ್". "ಇಚಿ" ಒಂದು, "ಶಿಚಿ" ಏಳು. ವೇಗವಾಗಿ ಹೇಳಿದ್ರೆ ಗಂಟೆ ಒಂದೋ ಏಳೋ ಗೊತ್ತಾಗಲ್ಲ. ತಿಂಗಳ ನಾಲ್ಕನೇ ತಾರೀಕು "ಯೊಕ್ಕ", ಎಂಟನೇ ತಾರೀಕು "ಯೋಕ". ಕಾಗದದ ಮೇಲೆ ಇದು ಕತೆಗೂ ಕತ್ತೆಗೂ ಇರೋ ವ್ಯತ್ಯಾಸ, ಯಾವ ಕನ್ನಡದವರೂ ತಪ್ಪಲ್ಲ. ಪರೀಕ್ಷೆ ಹಾಲಲ್ಲಿ ಆಡಿಯೋ ಒಂದೇ ಸಲ ಹಾಕ್ತಾರೆ. ಮೊದಲು ಒಂದು ದಿನ ಹೇಳಿ, ಕೊನೇಲಿ "ಅಲ್ಲ, ಬೇಡ" ಅಂತ ಇನ್ನೊಂದು ದಿನಕ್ಕೆ ಬದಲಾಯಿಸ್ತಾರೆ. ಮೊದಲನೇದನ್ನ ನಾನು ಅರ್ಥ ಮಾಡ್ಕೊಳ್ಳೋ ಹೊತ್ತಿಗೆ ಮುಂದಿನ ಪ್ರಶ್ನೆ ಬಂದಿತ್ತು. ಮೂವತ್ತು ನಿಮಿಷ ಹಾಗೇ ಹೋಯ್ತು.

ಕನ್ನಡವೇ ದಾರಿ ತಪ್ಪಿಸೋ ಜಾಗಗಳೂ ಇವೆ. "ಮನೇಲಿ ಇದ್ದೀನಿ", "ಮನೇಲಿ ಓದ್ತೀನಿ": ನಮಗೆ ಎರಡೂ "ಅಲ್ಲಿ". ಅವರಿಗೆ ಇರೋದಕ್ಕೆ "ನಿ", ಕೆಲಸ ಮಾಡೋದಕ್ಕೆ "ದೆ". ಇದೊಂದರಲ್ಲೇ ನಾನು ಎಷ್ಟು ಸಲ ತಪ್ಪು ಮಾಡಿದ್ದೀನೋ. ನಮಗೆ "ಇದು, ಅದು" ಎರಡೇ. ಅವರಿಗೆ ಮೂರು: ನನ್ನ ಹತ್ರ ಇದ್ರೆ "ಕೊರೆ", ನಿಮ್ಮ ಹತ್ರ ಇದ್ರೆ "ಸೊರೆ", ಇಬ್ಬರಿಗೂ ದೂರ ಇದ್ರೆ "ಅರೆ". ಹಳಗನ್ನಡದಲ್ಲಿ ನಮಗೂ "ಉದು" ಅಂತ ನಡುವಿನದೊಂದು ಇತ್ತು, ಕಳ್ಕೊಂಡ್ವಿ. ಇನ್ನು "ವ" ಮತ್ತು "ಗ" ಯಾವಾಗ ಯಾವುದು ಅಂತ ನನ್ನನ್ನ ಕೇಳ್ಬೇಡಿ. "ವ" ಅಂದ್ರೆ ನಮ್ಮ "ನಾನಂತೂ" ಅನ್ನೋದ್ರಲ್ಲಿರೋ "ಅಂತೂ" ಥರ ಅಂದ್ಕೊಂಡ್ರೆ ಅರ್ಧ ಸಲ ಸರಿಹೋಗುತ್ತೆ.

ಫೇಲಾದ ಮೇಲೆ ದಿನಚರಿ ಬದಲಾಯಿಸಿದೆ. ಬೆಳಗ್ಗೆ ಬಸ್ಸಲ್ಲಿ ಪುಸ್ತಕ ಬಂದ್, ಬರೀ ಕಿವಿ. ಎನ್‌ಎಚ್‌ಕೆ ವರ್ಲ್ಡ್‌ನ ಈಸಿ ಜಪಾನೀಸ್ ಪಾಠಗಳು, ಜಪಾನ್ ಫೌಂಡೇಶನ್‌ನ ಇರೊದೊರಿ ಪುಸ್ತಕದ ಆಡಿಯೋ, ಎರಡೂ ಉಚಿತ. ಇರೊದೊರಿಯ ಪಿಡಿಎಫ್, ಆಡಿಯೋ ಎರಡನ್ನೂ ಇಳಿಸ್ಕೊಬಹುದು. ನಮ್ಮ ದಾರೀಲಿ ನೆಟ್‌ವರ್ಕ್ ಬಂದು ಹೋಗ್ತಿರುತ್ತೆ, ಹಾಗಾಗಿ ರಾತ್ರೀನೇ ಡೌನ್‌ಲೋಡ್. ಒಂದೇ ಸಂಭಾಷಣೆ ಹೋಗ್ತಾ ಐದು ಸಲ, ಬರ್ತಾ ಐದು ಸಲ. ಬರ್ತಾ ಅವರ ಹಿಂದೆಯೇ ಮೆಲ್ಲಗೆ ಗೊಣಗ್ತೀನಿ. ಪಕ್ಕದ ಸೀಟಿನ ಅಜ್ಜಿ ಒಂದಿನ "ಯಾವ ಸ್ತೋತ್ರನಮ್ಮಾ?" ಅಂದ್ರು.

ಪದಗಳಿಗೆ ಆಂಕಿ. ಆಂಡ್ರಾಯ್ಡಲ್ಲಿ ಉಚಿತ, ಐಫೋನಲ್ಲಿ ದುಡ್ಡು ಕೊಡ್ಬೇಕು. ಮರೆಯೋ ಹೊತ್ತಿಗೆ ಸರಿಯಾಗಿ ಆ ಕಾರ್ಡನ್ನ ಮತ್ತೆ ಮುಂದೆ ತರುತ್ತೆ, ಅಷ್ಟೇ ಅದರ ಕೆಲಸ. ದಿನಕ್ಕೆ ಎಂಟು ಹೊಸ ಪದ, ಅದಕ್ಕಿಂತ ಹೆಚ್ಚು ಬೇಡ. ಯಾಕಂದ್ರೆ ನಮ್ಮೂರಲ್ಲಿ ಮೇ, ಜೂನ್ ಬಂತು ಅಂದ್ರೆ ಮಾವು. ತೋಪು, ಕ್ರೇಟು, ಮಂಡಿ, ಆರು ವಾರ ಫೋನ್ ನೋಡೋಕೂ ಪುರುಸೊತ್ತಿರಲ್ಲ. ಆ ಆರು ವಾರ ಮುಗಿಸಿ ಆಪ್ ತೆಗೆದ್ರೆ 600 ಕಾರ್ಡು ಬಾಕಿ ಅಂತ ತೋರಿಸ್ತು. ಡಿಲೀಟ್ ಮಾಡಿಬಿಡೋಣ ಅನ್ನಿಸಿತ್ತು. ಮಾಡಿದ್ದು ಇಷ್ಟು: ಹೊಸ ಕಾರ್ಡು ಸೊನ್ನೆ, ಹಳೇದು ದಿನಕ್ಕೆ 50 ಮಾತ್ರ. ಮೂರು ವಾರದಲ್ಲಿ ಗುಡ್ಡ ಕರಗ್ತು. ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ ಇರುತ್ತೆ. ಮಾವಿನ ಮನೆಯವರು ಡಿಸೆಂಬರ್ ಹಿಡ್ಕೊಳ್ಳಿ. ಅರ್ಜಿ ತಿಂಗಳುಗಳ ಮೊದಲೇ ತೆಗೆದು ಮುಚ್ತಾರೆ, ಆ ದಿನಗಳನ್ನ ಫೋನಲ್ಲಿ ಅಲಾರಂ ಇಟ್ಕೊಳ್ಳಿ.

ಕಾಂಜಿ ಬಗ್ಗೆ ಎರಡೇ ಮಾತು. ಜಪಾನಲ್ಲಿ ದಿನಬಳಕೆಗೆ ಅಂತ ಸರ್ಕಾರ ಗುರುತಿಸಿರೋದು 2,136. ಎನ್5ಗೆ ಸುಮಾರು ನೂರು ಸಾಕು. ಮರದ ಚಿಹ್ನೆ "ಕಿ". ಎರಡು ಮರ ಪಕ್ಕಪಕ್ಕ ಬರೆದ್ರೆ "ಹಯಶಿ", ಅಂದ್ರೆ ತೋಪು. ಮೂರು ಬರೆದ್ರೆ "ಮೊರಿ", ಕಾಡು. ಎಲ್ಲ ಇಷ್ಟು ಸುಲಭ ಇಲ್ಲ. ರಾತ್ರಿ ಕೈಯಲ್ಲಿ ಬರೀತೀನಿ, ಪರೀಕ್ಷೇಲಿ ಬರೆಯೋದು ಇಲ್ದಿದ್ರೂ.

ಒಂದು ವಿಷಯ ಗಂಭೀರವಾಗಿ ಹೇಳ್ಬೇಕು. 2025ರ ಆಗಸ್ಟಲ್ಲಿ ಭಾರತ, ಜಪಾನ್ ಎರಡೂ ಸೇರಿ, ಐದು ವರ್ಷದಲ್ಲಿ ಭಾರತದಿಂದ 50,000 ಕುಶಲ ಕೆಲಸಗಾರರು ಜಪಾನಿಗೆ ಹೋಗೋ ಗುರಿ ಇಟ್ಕೊಂಡ್ವು. ಆ ಸುದ್ದಿ ಬಂದ ಮೇಲೆ ವಾಟ್ಸಾಪಲ್ಲಿ "ಎನ್5 ಇದ್ರೆ ಜಪಾನ್ ಕೆಲಸ ಗ್ಯಾರಂಟಿ" ಅಂತ ಮೆಸೇಜುಗಳು ನನಗೂ ಬಂದಿವೆ. ನಿಜ ಅದಲ್ಲ. 2019ರಲ್ಲಿ ಶುರುವಾದ, ತೊಕುತೆ ಗಿನೋ ಅನ್ನೋ ಕುಶಲ ಕೆಲಸಗಾರರ ವೀಸಾಗೆ ಭಾಷೆಯಲ್ಲಿ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಅನ್ನೋ ಪರೀಕ್ಷೆ ಪಾಸಾಗ್ಬೇಕು, ಅದರ ಜೊತೆ ಆ ಕೆಲಸದ ಕೌಶಲ ಪರೀಕ್ಷೆ ಬೇರೆ. ಎನ್5 ಅಂದ್ರೆ ಮೊದಲ ಮೆಟ್ಟಿಲು ಅಷ್ಟೇ. ಯಾರಾದ್ರೂ ಏಜೆಂಟ್ ಅಂತ ಬಂದ್ರೆ, ದುಡ್ಡಿನ ಮಾತಿಗೆ ಮೊದಲು ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ವೆಬ್‌ಸೈಟಲ್ಲಿ ಅವರ ನೋಂದಣಿ ಇದೆಯಾ ನೋಡಿ. ತೋಪು ಅಡ ಇಟ್ಟು ಕಟ್ಟೋ ದುಡ್ಡು ಅದು, ಎರಡು ನಿಮಿಷ ನೋಡೋದ್ರಲ್ಲಿ ತಪ್ಪಿಲ್ಲ.

ಮುಂದಿನ ಡಿಸೆಂಬರಲ್ಲಿ ಮತ್ತೆ ಬರೆದೆ. ಕೇಳೋ ಭಾಗದಲ್ಲಿ 34 ಬಂತು. ವ್ಯಾಕರಣದಲ್ಲಿ ಹಿಂದಿನ ಸಲಕ್ಕಿಂತ ಎರಡು ಕಮ್ಮಿ. ಅಪ್ಪ ಈ ಸಲವೂ "ಎಷ್ಟಕ್ಕೆ ಎಷ್ಟು?" ಅಂದ್ರು. 180ಕ್ಕೆ 113 ಅಂದೆ. "ಈಗಾದ್ರೂ ಪಾಸ್ ಅಂತ ಬರೆದಿದ್ದಾರಾ?" ಅಂತ ಫೋನ್ ಇಸ್ಕೊಂಡು ತಾವೇ ನೋಡಿದ್ರು.

ಈಗ ಎನ್4 ಓದ್ತಿದ್ದೀನಿ. ಬೆಳಗ್ಗೆ ಬಸ್ಸಿಗೆ ಹೊರಡ್ವಾಗ ಮನೇಲಿ "ಪೋಯೊಸ್ತಾ" ಅಂತೀನಿ, ಅಮ್ಮ "ಪೋಯಿ ರಾ" ಅಂತಾರೆ. ಕನ್ನಡದಲ್ಲಿ ಹೋಗಿ ಬರ್ತೀನಿ, ಹೋಗಿ ಬಾ. ಜಪಾನಲ್ಲಿ ಮನೆಯಿಂದ ಹೊರಡೋರು "ಇತ್ತೆ ಕಿಮಸು" ಅಂತಾರೆ. "ಇತ್ತೆ" ಹೋಗಿ, "ಕಿಮಸು" ಬರ್ತೀನಿ. ಮನೇಲಿರೋರು "ಇತ್ತೆರಶ್ಶೈ" ಅಂತಾರೆ. ಅದಕ್ಕೂ ಹೋಗಿ ಬನ್ನಿ ಅಂತಲೇ ಅರ್ಥ. ಮೊನ್ನೆ ಅಮ್ಮನಿಗೆ ಇದನ್ನ ಹೇಳಿಕೊಟ್ಟೆ. ಅವರ ಬಾಯಲ್ಲಿ ಅದು "ಇತ್ತರಸೈ" ಆಗಿದೆ, ನಾನು ತಿದ್ದೋಕೆ ಹೋಗಿಲ್ಲ.

ಮುಂದಿನ ವಾರ ಸಿಗೋಣ. ಇತ್ತೆ ಕಿಮಸು.