ಹಾಲು ಅರಗಿಸುವ ಜೀನು, ಹೆಪ್ಪು ಹಾಕುವ ಅಡುಗೆಮನೆ

ಹಾಲಿಗೆ ಸಿಹಿ ಕೊಡುವ ಲ್ಯಾಕ್ಟೋಸ್ ಎಂಬ ಸಕ್ಕರೆಯು ಗ್ಲುಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳು ಬೆಸೆದುಕೊಂಡು ಆದದ್ದಾದ್ದರಿಂದ, ಸಣ್ಣ ಕರುಳಿನ ಒಳಪದರದಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವವು ಆ ಬೆಸುಗೆಯನ್ನು ಬಿಡಿಸದ ಹೊರತು ಅದು ರಕ್ತಕ್ಕೆ ಸೇರಲಾರದು. ಸಸ್ತನಿಗಳ ಮರಿಗಳಲ್ಲಿ ಹೇರಳವಾಗಿರುವ ಈ ಕಿಣ್ವವು ತಾಯಿಹಾಲು ಬಿಟ್ಟ ಮೇಲೆ ಕ್ರಮೇಣ ತಗ್ಗುತ್ತದೆ. ಮನುಷ್ಯನ ಮೂಲ ಸ್ಥಿತಿಯೂ ಇದೇ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಪಾಲು ಜನ ಹೀಗಿರುವಾಗ ಇದನ್ನು ‘ಕೊರತೆ’ ಎನ್ನುವುದು, ಹಾಲು ಸಲೀಸಾಗಿ ಅರಗುವ ನಾಡುಗಳಲ್ಲಿ ಬೆಳೆದ ವೈದ್ಯಕೀಯದ ರೂಢಿಯೇ ಹೊರತು ಜೀವಶಾಸ್ತ್ರದ ತೀರ್ಪಲ್ಲ.

ವಯಸ್ಸಾದರೂ ಲ್ಯಾಕ್ಟೇಸ್ ಉಳಿಯುವವರಲ್ಲಿ ಕಿಣ್ವದ ಜೀನು ಬದಲಾಗಿರುವುದಿಲ್ಲ. ಅದಕ್ಕೆ ಸುಮಾರು 14 ಸಾವಿರ ಡಿಎನ್‌ಎ ಅಕ್ಷರಗಳಷ್ಟು ಹಿಂದೆ, ನೆರೆಯ ಜೀನಿನೊಳಗೆ, ಸಿ ಎಂಬ ಅಕ್ಷರದ ಜಾಗದಲ್ಲಿ ಟಿ ಬಂದಿರುತ್ತದೆ ಎಂಬುದನ್ನು 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ಗುರುತಿಸಿದರು. ಈ ಒಂದಕ್ಷರ, ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಆರಿಹೋಗಬೇಕಿದ್ದ ದೀಪವನ್ನು ಉರಿಯುತ್ತಲೇ ಇರುವಂತೆ ಮಾಡುತ್ತದೆ. ಪೂರ್ವ ಆಫ್ರಿಕದ ಪಶುಪಾಲಕರಲ್ಲಿ ಇದೇ ಕೆಲಸವನ್ನು ಆಸುಪಾಸಿನ ಬೇರೆ ಅಕ್ಷರಗಳು ಮಾಡುತ್ತವೆ ಎಂದು 2007ರಲ್ಲಿ ತಿಳಿದುಬಂತು. ಭಾರತದಲ್ಲಿ ಕಾಣುವುದು ಬಹುತೇಕ ಮೊದಲು ಹೇಳಿದ, ಯುರೋಪಿನ ರೂಪವೇ. ವಾಯವ್ಯದಲ್ಲಿ ಹೆಚ್ಚಿರುವ ಅದು ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ವಿರಳವಾಗುತ್ತದೆ, ಆದರೆ ಎಮ್ಮೆಗಳನ್ನೇ ನೆಚ್ಚಿ ಬಾಳಿದ ನೀಲಗಿರಿಯ ತೋಡರು ಇದಕ್ಕೆ ದೊಡ್ಡ ಅಪವಾದ.

ಹಾಗಾದರೆ ಈ ರೂಪ ವಿರಳವಾಗಿರುವ ಕಡೆಯೂ ಹೈನು ಹೇಗೆ ಬೇರೂರಿತು? ಉತ್ತರದ ಒಂದು ಭಾಗ ಹೆಪ್ಪಿನಲ್ಲಿದೆ. ಹೆಪ್ಪಿನ ಬ್ಯಾಕ್ಟೀರಿಯಗಳು ಲ್ಯಾಕ್ಟೋಸಿನ ಒಂದಷ್ಟನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವುದಲ್ಲದೆ, ಲ್ಯಾಕ್ಟೇಸಿನ ಕೆಲಸವನ್ನೇ ಮಾಡುವ ತಮ್ಮ ಕಿಣ್ವವನ್ನೂ ಹೊತ್ತು ಕರುಳಿಗೆ ಇಳಿಯುತ್ತವೆ; ಮಜ್ಜಿಗೆಯಲ್ಲಿ ಉಳಿದ ಸಕ್ಕರೆಯೂ ನೀರು ಬೆರೆತು ತೆಳುವಾಗುತ್ತದೆ, ತುಪ್ಪದಲ್ಲಂತೂ ಅದು ಇಲ್ಲವೆನ್ನುವಷ್ಟು ಕಡಿಮೆ. ಯುರೋಪಿನಲ್ಲೂ ಹಾಲಿನ ಬಳಕೆ ಮೊದಲು, ಈ ರೂಪದ ಹರಡಿಕೆ ಸಾವಿರಾರು ವರ್ಷಗಳ ಅನಂತರ ಎಂದು ಪ್ರಾಚೀನ ಮಡಕೆಗಳಲ್ಲಿ ಅಂಟಿದ್ದ ಹಾಲಿನ ಜಿಡ್ಡನ್ನೂ ಹಳೆಯ ಮೂಳೆಗಳ ಡಿಎನ್‌ಎಯನ್ನೂ ಪರಿಶೀಲಿಸಿದ 2022ರ ಅಧ್ಯಯನವೊಂದು ತೋರಿಸಿತು. ಬರಗಾಲ ಮತ್ತು ಸೋಂಕಿನ ದಿನಗಳಲ್ಲಿ, ಹಾಲಿನಿಂದಾಗುವ ಭೇದಿಯೇ ನಿತ್ರಾಣರ ಜೀವ ತೆಗೆದಿರಬೇಕು, ಆಗ ಅರಗಿಸಬಲ್ಲವರು ಹೆಚ್ಚಾಗಿ ಉಳಿದಿರಬೇಕು ಎಂಬುದು ಅದರ ಊಹೆ.

ಹಾಲು ಒಗ್ಗದವರಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಎಲ್ಲಿಂದ ಎಂಬ ಚಿಂತೆಗೆ ಕರ್ನಾಟಕದ ಮಟ್ಟಿಗೆ ಉತ್ತರ ಹತ್ತಿರದಲ್ಲೇ ಇದೆ: ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದು, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ರಾಗಿಯ ಫೈಟೇಟ್ ಮೊದಲಾದ ಅಂಶಗಳು ಅದರಲ್ಲಿ ಒಂದಿಷ್ಟನ್ನು ಮೈಗೆ ಹತ್ತಗೊಡುವುದಿಲ್ಲವೆಂಬುದೂ ನಿಜ.

ಉಗುಳು ಪಡೆದು ಆಹಾರಪಟ್ಟಿ ಬರೆದುಕೊಡುವ ಜೀನ್ ಪರೀಕ್ಷೆಗಳು ಈಗ ಮಾರುಕಟ್ಟೆಯಲ್ಲಿವೆ. ಲ್ಯಾಕ್ಟೇಸ್ ಉಳಿಯುವ ಸಾಧ್ಯತೆಯನ್ನು ಅವು ಹೇಳಬಲ್ಲವಾದರೂ, ಅದು ಉಳಿಯದ ಅನೇಕರು ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುವ ಒಂದು ಲೋಟ ಹಾಲನ್ನು ಊಟದೊಂದಿಗೆ ತೊಂದರೆಯಿಲ್ಲದೆ ಕುಡಿಯಬಲ್ಲರು. ಅರಗದ ಸಕ್ಕರೆ ದೊಡ್ಡ ಕರುಳನ್ನು ತಲುಪಿದ ಮೇಲೆ ಹೊಟ್ಟೆ ಎಷ್ಟು ಉಬ್ಬರಿಸೀತು ಎಂಬುದನ್ನು ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳೂ ನಿರ್ಧರಿಸುತ್ತವೆ.