ಪಕ್ಕಾ ಎಂಬ ಮಾತು

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕಮಲಾಪುರವೆಂಬ ಊರಿದೆ. ಅಲ್ಲಿ ಬೆಳೆಯುವ ಕೆಂಪು ಬಾಳೆಗೆ ದೊಡ್ಡ ಹೆಸರು. ಗೊನೆ ಮಾಗಿದಾಗ ಕನ್ನಡ ನುಡಿಯುವವರು ಹಣ್ಣಾಯಿತೆನ್ನುವರು. ಉರ್ದು ನುಡಿಯುವವರು ಪಕ್ಕಾ ಎನ್ನುವರು. ಈ ಪಕ್ಕಾ ಎಂಬ ಮಾತೇ ಸಮುದ್ರವನ್ನು ದಾಟಿ ಇಂಗ್ಲಿಷರ ಆಡುನುಡಿಯನ್ನು ಸೇರಿದ ಬಗೆಯನ್ನು ಈ ಹೊತ್ತು ನಾವು ವಿಚಾರಿಸೋಣ.

ಸಂಸ್ಕೃತದಲ್ಲಿ ಪಚ್ ಎಂದರೆ ಬೇಯಿಸು. ಬೆಂದದ್ದೂ ಮಾಗಿದ್ದೂ ಪಕ್ವ. ಪಾಕವೆಂಬ ಮಾತೂ ಇದೇ ಮನೆತನದ್ದು. ಪಕ್ವವೇ ಉತ್ತರದ ದೇಶಭಾಷೆಗಳಲ್ಲಿ ಸವೆದು ಪಕ್ಕಾ ಆಯಿತು. 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದು, ಉರ್ದುವಿನಲ್ಲಿ ಕಚೇರಿಯ ವ್ಯವಹಾರವನ್ನು ಕಂಡ ಕಲಬುರಗಿಯಲ್ಲಿ ಈ ಮಾತು ಬೇರೂರಿದುದು ಸಹಜವೇ. ಕನ್ನಡದಲ್ಲಾದರೋ ಎರಡು ರೂಪಗಳೂ ಉಳಿದು ಕೆಲಸವನ್ನು ಹಂಚಿಕೊಂಡಿವೆ. ಹಣ್ಣಿಗೂ ಬುದ್ಧಿಗೂ ಪಕ್ವವೆನ್ನುತ್ತೇವೆ. ಲೆಕ್ಕಕ್ಕೂ ಕರಾರಿಗೂ ಪಕ್ಕಾ ಎನ್ನುತ್ತೇವೆ.

ಇಂಗ್ಲಿಷರಿಗೆ ಇದರ ಪರಿಚಯವಾದದ್ದು 17ನೆಯ ಶತಮಾನದಲ್ಲಿ, ವ್ಯಾಪಾರದ ಮೂಲಕ. ಅಂದಿನ ಪೇಟೆಗಳಲ್ಲಿ ಮಣವೆಂಬ ತೂಕವೇ ಎರಡು ಬಗೆಯಾಗಿತ್ತು. ಹೆಚ್ಚು ತೂಗುವುದು ಪಕ್ಕಾ, ಕಡಿಮೆಯದು ಕಚ್ಚಾ. ಮುಂದೆ ಸುಟ್ಟ ಇಟ್ಟಿಗೆ, ಗಾರೆಯ ಮನೆ, ಜಲ್ಲಿ ಹಾಕಿದ ರಸ್ತೆ, ಕಾಯಂ ನೌಕರಿ ಎಲ್ಲವೂ ಅವರ ಬಾಯಲ್ಲಿ ಪಕ್ಕಾ ಆದವು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬವರು ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಎಂಬ ನಿಘಂಟು ಇಂಥ ಜೋಡಿಗಳ ಪಟ್ಟಿಯನ್ನೇ ಕೊಡುತ್ತದೆ. ಅದರಲ್ಲಿ ಪಕ್ಕಾ ಧೂರ್ತನಿಗೂ ಸ್ಥಳವುಂಟು.

ವಸ್ತುಗಳಿಗೆ ಹೇಳಿದ ಮಾತು ಕೊನೆಗೆ ಮನುಷ್ಯರನ್ನೂ ಅಳೆಯತೊಡಗಿತು. ಪಕ್ಕಾ ಸಾಹೇಬನೆಂದರೆ ಕುಲ, ನಡೆ, ಗತ್ತುಗಳಲ್ಲಿ ಅಪ್ಪಟ ಇಂಗ್ಲಿಷನು. ಈ ದೇಶದವರಿಂದ ಕಲಿತ ಮಾತೇ ಈ ದೇಶದವರನ್ನು ಹೊರಗಿಡುವ ಬೇಲಿಯಾಯಿತು. ಆ ಗತ್ತಿನ ಟೊಳ್ಳನ್ನು ಜಾರ್ಜ್ ಆರ್ವೆಲನು 1934ರ ತನ್ನ ಬರ್ಮಾ ದೇಶದ ಕಾದಂಬರಿಯಲ್ಲಿ ಬಯಲಿಗೆಳೆದನು.

ಸಾಮ್ರಾಜ್ಯವು ಅಳಿದರೂ ಮಾತು ಅಳಿಯಲಿಲ್ಲ. ಲಂಡನ್ನಿನ ಆಡುನುಡಿಯಲ್ಲಿ ಅದಕ್ಕೆ ಸೊಗಸಾದದ್ದು, ಬಲು ಚೆನ್ನಾದದ್ದು ಎಂಬ ಅರ್ಥ ಬಂದಿತು. 1999ರಲ್ಲಿ ದೂರದರ್ಶನಕ್ಕೆ ಬಂದ ಜೇಮಿ ಆಲಿವರ್ ಎಂಬ ತರುಣ ಬಾಣಸಿಗನು ರುಚಿಯಾದ ಅಡಿಗೆಯನ್ನೆಲ್ಲ ಪಕ್ಕಾ ಎಂದು ಹೊಗಳಿ ಅದನ್ನು ಮನೆಮಾತಾಗಿಸಿದನು. ಬೇಯಿಸುವ ಕ್ರಿಯೆಯಿಂದ ಹೊರಟ ಮಾತು ಹೀಗೆ ಮರಳಿ ಒಲೆಯ ಬಳಿಗೇ ಬಂದಂತಾಯಿತು.

ನಮ್ಮ ಯುವಕರು ಇದನ್ನು ಹೊಸ ಇಂಗ್ಲಿಷೆಂದು ಬೆರಗಾಗಬೇಕಾದುದಿಲ್ಲ. ಪರಕೀಯವೆಂದು ದೂರಬೇಕಾದುದೂ ಇಲ್ಲ. ಬೇಯದೆ, ಮಾಗದೆ ಯಾವುದೂ ಪಕ್ಕಾ ಆಗಲಾರದೆಂಬ ಅದರ ಮೊದಲ ಅರ್ಥವನ್ನು ಮಾತ್ರ ಮರೆಯಬಾರದು. ಸಾಹೇಬನು ಅದನ್ನು ಹುಟ್ಟಿನಿಂದ ಬಂದ ಹಕ್ಕೆಂದುಕೊಂಡನು. ಬಾಳೆ ಬೆಳೆಯುವವನು ಹಾಗೆ ಎಣಿಸುವುದಿಲ್ಲ.